ಗೃಹಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವಾಗ ಕೇಳುವ ಶುಲ್ಕಗಳಲ್ಲಿ ಯಾವುದನ್ನು ಪ್ರಶ್ನಿಸಬಹುದು?

ಭಾಗ್ಯನಗರದ ಶಿಕ್ಷಕಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. 2018ರಲ್ಲಿ ಭಾಗ್ಯನಗರದಲ್ಲಿ ಮನೆ ಕಟ್ಟಿಸುವಾಗ ನಾವು ಒಂದು ಖಾಸಗಿ ಗೃಹಸಾಲ ಕಂಪನಿಯಿಂದ ಸಾಲ ಪಡೆದೆವು. ಬೇಗ ಮಂಜೂರು ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಿದ್ದೆವು. ಈಗ ಬಾಕಿ ಇರುವ ಅಸಲು 24 ಲಕ್ಷ ರೂಪಾಯಿ, ಉಳಿದ ಅವಧಿ 15 ವರ್ಷ, ಬಡ್ಡಿ ಶೇ 9.25, ತಿಂಗಳ ಕಂತು 24,701 ರೂಪಾಯಿ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 6.50ರಿಂದ 5.50ಕ್ಕೆ ಇಳಿಸಿತು. ನಮ್ಮ ಸಾಲ ಬದಲಾಗುವ ಬಡ್ಡಿಯದೇ ಆಗಿದ್ದರೂ ಕಂತಿನಲ್ಲಾಗಲಿ ಅವಧಿಯಲ್ಲಾಗಲಿ ಏನೂ ಇಳಿಯಲಿಲ್ಲ.

ನನ್ನ ಸಂಬಳದ ಖಾತೆ ಇರುವ ಬ್ಯಾಂಕಿನವರು ಶೇ 8ಕ್ಕೆ ಸಾಲವನ್ನು ವರ್ಗಾಯಿಸಿಕೊಳ್ಳಲು ಒಪ್ಪಿದ್ದಾರೆ. ಕಂತು 20,075ಕ್ಕೆ ಇಳಿಯುತ್ತದೆ, ತಿಂಗಳಿಗೆ 4,626 ರೂಪಾಯಿ ಉಳಿಯುತ್ತದೆ ಎಂದು ಅವರು ಬರೆದುಕೊಟ್ಟಾಗ ನನಗೂ ಯಜಮಾನರಿಗೂ ಬಹಳ ಸಂತೋಷವಾಯಿತು. ಆದರೆ ಅದೇ ಹಾಳೆಯ ಕೆಳಭಾಗದಲ್ಲಿ ಶುಲ್ಕಗಳ ಪಟ್ಟಿ ಇದೆ. ಪ್ರೊಸೆಸಿಂಗ್ ಶುಲ್ಕ 12,000 ಮತ್ತು ಅದರ ಮೇಲೆ ಜಿಎಸ್‌ಟಿ 2,160. ಕಾನೂನು ಅಭಿಪ್ರಾಯಕ್ಕೆ 4,500. ಮನೆಯ ಮೌಲ್ಯಮಾಪನಕ್ಕೆ 3,500. ದಾಖಲೆ ನಿರ್ವಹಣೆಗೆ 5,900. ಸೆರ್ಸಾಯ್ ನೋಂದಣಿಗೆ 1,180. 'ಎಂಒಡಿಟಿ ಮತ್ತು ಇತರೆ' ಎಂದು ಒಂದೇ ಸಾಲಿನಲ್ಲಿ 18,000. ಒಟ್ಟು 47,240 ರೂಪಾಯಿ. ಇದಲ್ಲದೆ ಸಾಲಕ್ಕೆ ಜೀವವಿಮೆ ಕಡ್ಡಾಯವೆಂದೂ, ಅದರ 58,000 ರೂಪಾಯಿ ಕಂತನ್ನು ಸಾಲದ ಮೊತ್ತಕ್ಕೇ ಸೇರಿಸುವುದರಿಂದ ಕೈಯಿಂದ ಏನೂ ಕೊಡಬೇಕಾಗಿಲ್ಲವೆಂದೂ ಹೇಳಿದರು.

ಈ ಮೊತ್ತಗಳಲ್ಲಿ ಏನನ್ನಾದರೂ ಕಡಿಮೆ ಮಾಡಲು ಸಾಧ್ಯವೇ ಎಂದು ಕೇಳಿದಾಗ 'ಇದೆಲ್ಲ ಸಿಸ್ಟಂನಲ್ಲೇ ಬರುತ್ತದೆ ಮೇಡಂ, ನಮ್ಮ ಕೈಯಲ್ಲಿ ಏನೂ ಇಲ್ಲ' ಎಂಬ ಉತ್ತರ ಬಂತು. ನಿಜವಾಗಿಯೂ ಯಾರ ಕೈಯಲ್ಲೂ ಇಲ್ಲವೇ? ತಿಳಿದವರು ದಯವಿಟ್ಟು ಹೇಳಿ.

ತೋರಣಗಲ್ಲು ಫಿಟ್ಟರ್

ಮೇಡಂ, ಮೊದಲು ಆ ವಿಮೆಯನ್ನು ತೆಗೆಸಿ. ಸಾಲ ಕೊಡಲು ಅದೇ ಬ್ಯಾಂಕಿನ ಮೂಲಕ ಜೀವವಿಮೆ ಕೊಳ್ಳಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಿವೃತ್ತ ಮ್ಯಾನೇಜರ್, ಬಳ್ಳಾರಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನ ಮೇಜಿನ ಆ ಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ: 'ಸಿಸ್ಟಂನಲ್ಲಿ ಬರುತ್ತದೆ' ಎಂಬ ಮಾತು ಅರ್ಧ ಮಾತ್ರ ಸತ್ಯ. ಶುಲ್ಕದ ದರ ಸಿಸ್ಟಂನಲ್ಲಿ ಇರುತ್ತದೆ, ಅದನ್ನು ಕಡಿಮೆ ಮಾಡುವ ಅಥವಾ ಮನ್ನಾ ಮಾಡುವ ಅಧಿಕಾರ ಶಾಖೆಯ ಮುಖ್ಯಸ್ಥರಿಗೋ ಪ್ರಾದೇಶಿಕ ಕಚೇರಿಗೋ ಇರುತ್ತದೆ. ಗ್ರಾಹಕರು ಲಿಖಿತವಾಗಿ ಕೇಳದಿದ್ದರೆ ಆ ಅಧಿಕಾರವನ್ನು ಬಳಸುವ ಪ್ರಸಂಗವೇ ಬರುವುದಿಲ್ಲ.

ತಂಗೀ, ನಿಮ್ಮ ಹಾಳೆಯ ಪ್ರತಿಯೊಂದು ಸಾಲಿನ ಎದುರಿಗೂ 'ಈ ಹಣ ಯಾರಿಗೆ ಹೋಗುತ್ತದೆ?' ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸರ್ಕಾರಕ್ಕೆ ಹೋಗುತ್ತದೆ. ಅಲ್ಲಿ ಚೌಕಾಸಿ ಇಲ್ಲ, ಆದರೆ ಚಲನ್ ಕೇಳುವ ಹಕ್ಕು ನಿಮಗಿದೆ. ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕ ಹೊರಗಿನವರಿಗೆ ಹೋಗುತ್ತದೆ. ಅಲ್ಲಿ ರಸೀದಿ ಕೇಳಬಹುದು. ಪ್ರೊಸೆಸಿಂಗ್ ಶುಲ್ಕ ಮತ್ತು 'ದಾಖಲೆ ನಿರ್ವಹಣೆ' ಇವೆರಡೂ ಬ್ಯಾಂಕಿನ ಜೇಬಿಗೇ ಹೋಗುವಂಥವು, ಆದ್ದರಿಂದ ಚೌಕಾಸಿಯ ಜಾಗ ಇರುವುದು ಇಲ್ಲಿಯೇ. ದಾಖಲೆ ನೋಡುವುದು ಪ್ರೊಸೆಸಿಂಗ್ ಅಲ್ಲದೆ ಮತ್ತೇನು? ಒಂದೇ ಕೆಲಸಕ್ಕೆ ಎರಡು ಹೆಸರಿನಲ್ಲಿ ಏಕೆ ಹಣ ಪಡೆಯುತ್ತೀರಿ ಎಂದು ಸಮಾಧಾನದಿಂದ ಕೇಳಿ.

ಇನ್ನು ಸೆರ್ಸಾಯ್. ಅಡವಿನ ಆಸ್ತಿಗಳನ್ನು ದಾಖಲಿಸುವ ಆ ಕೇಂದ್ರೀಯ ನೋಂದಣಿಗೆ 5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಶುಲ್ಕ 100 ರೂಪಾಯಿ. ಜಿಎಸ್‌ಟಿ ಸೇರಿದರೆ 118. ನಿಮ್ಮ ಹಾಳೆಯಲ್ಲಿ 1,180 ಎಂದಿದೆ. ಸೊನ್ನೆ ತಪ್ಪಿ ಬಿದ್ದಿದೆಯೋ ಬೇಕೆಂದೇ ಸೇರಿಸಿದ್ದಾರೋ ನಾನು ಹೇಳಲಾರೆ, ಆದರೆ ಹತ್ತು ಪಟ್ಟು ಕೊಡಬೇಕಾದ ಕಾರಣವಿಲ್ಲ.

ನಿಮ್ಮ ಕಂತು ಇಳಿಯದಿರುವುದಕ್ಕೂ ಕಾರಣವಿದೆ. 2019ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕೆಂಬ ನಿಯಮ ಬಂದದ್ದು ಬ್ಯಾಂಕುಗಳಿಗೆ. ಗೃಹಸಾಲ ಕಂಪನಿಗಳು ತಮ್ಮದೇ ಆಧಾರ ದರವನ್ನು ಇಟ್ಟುಕೊಂಡಿರುತ್ತವೆ. ಹೊಸ ಗ್ರಾಹಕರಿಗೆ ಕಡಿಮೆ ದರ ಕೊಟ್ಟು, ಹಳಬರನ್ನು ಹಳೆಯ ದರದಲ್ಲೇ ಉಳಿಸುವುದು ಅಲ್ಲಿ ಸಾಮಾನ್ಯ.

ಸಿಂಧನೂರು ಮೇಷ್ಟ್ರು

ಹಳೆಯ ಕಂಪನಿಯವರು ಸಾಲ ಮುಗಿಸುವುದಕ್ಕೆ ದಂಡ ಕೇಳಿದರೆ ಒಪ್ಪಬೇಡಿ ಮೇಡಂ. ಅವಧಿಗೆ ಮೊದಲು ತೀರಿಸಿದರೆ ಯಾವ ಸಾಲಕ್ಕೂ ದಂಡವಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ.

ಗಂಗಾವತಿ ಅಕ್ಕಿ ವ್ಯಾಪಾರಿ

ಮೇಷ್ಟ್ರೇ, 'ಯಾವ ಸಾಲಕ್ಕೂ' ಎಂಬುದು ಸರಿಯಲ್ಲ. ನಮ್ಮ ಗೋದಾಮಿನ ಸಾಲವನ್ನು ಎರಡು ವರ್ಷದ ಹಿಂದೆ ಬೇರೆ ಕಡೆಗೆ ಒಯ್ಯುವಾಗ ಬಾಕಿಯ ಮೇಲೆ ಶೇ 4ರಷ್ಟು ಕಟ್ಟಿಸಿಕೊಂಡರು. ಒಪ್ಪಂದದಲ್ಲಿ ಬರೆದಿದೆ ಎಂದು ಪುಟ ತೆಗೆದು ತೋರಿಸಿದರು. ನಮ್ಮದೇ ಸಹಿ ಇತ್ತು. ಮಾತಾಡಲು ಬಾಯಿ ಇರಲಿಲ್ಲ.

ನಿವೃತ್ತ ಮ್ಯಾನೇಜರ್, ಬಳ್ಳಾರಿ

ಸಾಹುಕಾರರು ಹೇಳಿದ್ದು ಸರಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂಬ ಆದೇಶ 2012ರ ಜೂನ್‌ನಲ್ಲಿ ಬಂತು. ವ್ಯಾಪಾರವಲ್ಲದ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಇತರ ಸಾಲಗಳಿಗೂ ಅದು ಆಮೇಲೆ ವಿಸ್ತರಿಸಿತು. ವ್ಯಾಪಾರದ ಸಾಲ ಅದರೊಳಗೆ ಬಂದಿರಲಿಲ್ಲ. 2025ರ ಜುಲೈನಲ್ಲಿ ಹೊಸ ನಿರ್ದೇಶನ ಹೊರಬಿದ್ದಿದೆ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ ಬದಲಾಗುವ ಬಡ್ಡಿಯ ಸಾಲಗಳಲ್ಲಿ ವ್ಯಕ್ತಿಗಳ ಮತ್ತು ಸಣ್ಣ ಉದ್ದಿಮೆಗಳ ವ್ಯಾಪಾರದ ಸಾಲಗಳಿಗೂ ಈ ರಕ್ಷಣೆ ಸಿಗುತ್ತದೆ. ಕೆಲವು ವರ್ಗದ ಸಂಸ್ಥೆಗಳಲ್ಲಿ ಮಾತ್ರ 50 ಲಕ್ಷದ ಮಿತಿ ಇದೆ. ಹೀಗಾಗಿ ನವೀಕರಣ ಹತ್ತಿರವಿರುವ ವ್ಯಾಪಾರಿಗಳು ದಿನಾಂಕ ನೋಡಿಕೊಂಡು ಹೆಜ್ಜೆ ಇಡಬೇಕು.

ಶಿಕ್ಷಕಿಯವರ ಸಾಲ ಗೃಹಸಾಲ ಕಂಪನಿಯದಾದರೂ ಬದಲಾಗುವ ಬಡ್ಡಿಯ ಗೃಹಸಾಲವೇ ಆಗಿರುವುದರಿಂದ ಅವರಿಗೆ ದಂಡದ ಪ್ರಶ್ನೆ ಬರುವುದಿಲ್ಲ.

ಕೌಲ್‌ಬಜಾರ್ ಲೆಕ್ಕದಾಕೆ, ಬಳ್ಳಾರಿ

ಅಕ್ಕಾ, ನಿಮ್ಮ ಶುಲ್ಕಕ್ಕಿಂತ ಕಂತೇ ನನ್ನ ಕಣ್ಣಿಗೆ ಚುಚ್ಚುತ್ತಿದೆ. ನಾನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಅಂಕಿ ಕಂಡರೆ ಕೂಡಿಸಿ ನೋಡುವ ಅಭ್ಯಾಸವಾಗಿದೆ. 24 ಲಕ್ಷಕ್ಕೆ ಶೇ 8ರಂತೆ 15 ವರ್ಷಕ್ಕೆ ಕಂತು 22,936 ರೂಪಾಯಿ ಆಗಬೇಕು. 20,075 ಬರುವುದು 20 ವರ್ಷಕ್ಕೆ. ನಿಮ್ಮ ಹಾಳೆಯಲ್ಲಿ ಅವಧಿ ಎಷ್ಟೆಂದು ಬರೆದಿದ್ದಾರೆ, ದಯವಿಟ್ಟು ನೋಡಿ.

ಭಾಗ್ಯನಗರದ ಶಿಕ್ಷಕಿ, ಕೊಪ್ಪಳ

ಈಗಲೇ ಹಾಳೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಮೇಲಿನ ಬಲ ಮೂಲೆಯಲ್ಲಿ, ಅರ್ಜಿ ಸಂಖ್ಯೆಯ ಕೆಳಗೆ, ಸಣ್ಣ ಅಕ್ಷರದಲ್ಲಿ 'ಅವಧಿ 240 ತಿಂಗಳು' ಎಂದಿದೆ. ನಾವು 15 ವರ್ಷ ಉಳಿದಿದೆ ಎಂದು ಹೇಳಿದ್ದೆವು. 20 ವರ್ಷ ಬೇಕೆಂದು ಯಾರೂ ಕೇಳಿರಲಿಲ್ಲ. ಎರಡು ದಿನದಿಂದ ಆ ಹಾಳೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೇ ಇದ್ದರೂ ನಾನಾಗಲಿ ಯಜಮಾನರಾಗಲಿ ಅದನ್ನು ಗಮನಿಸಿರಲಿಲ್ಲ. ಗಣಿತ ಕಲಿಸುವ ನನಗೆ ಇದರಿಂದ ಬಹಳ ನೋವಾಗಿದೆ.

ಕೌಲ್‌ಬಜಾರ್ ಲೆಕ್ಕದಾಕೆ, ಬಳ್ಳಾರಿ

ನೋವು ಮಾಡಿಕೊಳ್ಳಬೇಡಿ ಅಕ್ಕಾ, ಸಹಿ ಇನ್ನೂ ಆಗಿಲ್ಲವಲ್ಲ. ಈ ಮೂರು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ಸಾಲವನ್ನು ಹೀಗೆಯೇ ಶೇ 9.25ರಲ್ಲಿ 15 ವರ್ಷ ಕಟ್ಟಿದರೆ ಒಟ್ಟು ಸುಮಾರು 44.46 ಲಕ್ಷ. ಹೊಸ ಬ್ಯಾಂಕಿನಲ್ಲಿ ಶೇ 8ರಂತೆ 15 ವರ್ಷ ಕಟ್ಟಿದರೆ ಸುಮಾರು 41.28 ಲಕ್ಷ. ಅದೇ ಶೇ 8ರಂತೆ 20 ವರ್ಷ ಕಟ್ಟಿದರೆ ಸುಮಾರು 48.18 ಲಕ್ಷ. ಬಡ್ಡಿ ಇಳಿದು, ಕಂತು ಇಳಿದು, ಒಟ್ಟು ಹಣ ಮಾತ್ರ ಹಳೆಯ ಸಾಲಕ್ಕಿಂತ 3.72 ಲಕ್ಷ ಹೆಚ್ಚಾಗುತ್ತದೆ. ಶುಲ್ಕದಲ್ಲಿ ಹತ್ತು ಸಾವಿರ ಉಳಿಸಿ ಅವಧಿಯಲ್ಲಿ ಇಷ್ಟನ್ನು ಕಳೆದುಕೊಂಡರೆ ಏನು ಬಂತು?

ವಿಮೆಯದೂ ಅಷ್ಟೇ. 58,000 ರೂಪಾಯಿಯನ್ನು ಸಾಲಕ್ಕೆ ಸೇರಿಸಿದರೆ 15 ವರ್ಷದ ಲೆಕ್ಕದಲ್ಲಿ ಅದೊಂದಕ್ಕೇ ತಿಂಗಳಿಗೆ 554 ರೂಪಾಯಿ ಕಂತು, ಕೊನೆಗೆ ಕೊಡುವುದು ಸುಮಾರು 99,770. ಅವರು ಬರೆದುಕೊಟ್ಟ 20,075ರಲ್ಲಿ ಅದು ಸೇರಿಯೇ ಇಲ್ಲ.

ಸಾಲದ ಏಜೆಂಟ್, ಬಳ್ಳಾರಿ

ಇಲ್ಲಿ ಎಲ್ಲರೂ ಬ್ಯಾಂಕಿನವರನ್ನೂ ನಮ್ಮಂಥವರನ್ನೂ ಮೋಸಗಾರರೆಂಬಂತೆ ಬರೆಯುತ್ತಿರುವುದು ಬೇಸರ ತರಿಸುತ್ತದೆ. ಕಾನೂನು ಅಭಿಪ್ರಾಯಕ್ಕೆ 4,500 ಹೆಚ್ಚೆಂದು ಕಾಣಬಹುದು, ಆದರೆ ವಕೀಲರು ಮೂಲ ಕ್ರಯಪತ್ರದಿಂದ ಹಿಡಿದು ಹಿಂದಿನ ಹಲವು ವರ್ಷಗಳ ಋಣಭಾರ ಪತ್ರ, ಖಾತೆ, ತೆರಿಗೆ ರಸೀದಿ ಎಲ್ಲವನ್ನೂ ಓದಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಪಂಚಾಯಿತಿ ವ್ಯಾಪ್ತಿಯ ನಿವೇಶನಗಳು ಎಷ್ಟಿವೆ ಎಂಬುದು ನಿಮಗೆ ಗೊತ್ತಿದೆ. ಪಂಚಾಯಿತಿ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಸರಿಯಿಲ್ಲದೆ ಕಡತ ವಾಪಸು ಬಂದರೆ ಓಡಾಡುವವರು ನಾವು. ಗ್ರಾಹಕರು ಮೂರು ಬ್ಯಾಂಕಿನಲ್ಲಿ ಅರ್ಜಿ ಹಾಕಿ, ಮೂರೂ ಕಡೆ ಕೆಲಸ ಮಾಡಿಸಿ, ಒಂದು ಕಡೆ ಮಾತ್ರ ಸಾಲ ಪಡೆಯುತ್ತಾರೆ; ಉಳಿದಿಬ್ಬರ ಖರ್ಚನ್ನು ಯಾರು ಕೊಡಬೇಕು? ಅಲ್ಲದೆ ಪ್ರೊಸೆಸಿಂಗ್ ಶುಲ್ಕವನ್ನು ಪೂರ್ತಿ ಮನ್ನಾ ಮಾಡುವ ಕಡೆ ಬಡ್ಡಿಯ ಅಂತರದಲ್ಲಿ ಅದನ್ನು ವಸೂಲು ಮಾಡುವುದೂ ಉಂಟು, ಅದನ್ನೂ ನೋಡಿ.

ರಾಯಚೂರಿನ ವಕೀಲ

ಏಜೆಂಟರು ಕೊನೆಯಲ್ಲಿ ಹೇಳಿದ ಮಾತು ಒಪ್ಪುವಂಥದ್ದು. ಶುಲ್ಕ ಮನ್ನಾ ಎಂದ ಕೂಡಲೇ ದರ ನೋಡದೆ ಓಡಬಾರದು. ಕಡತ ಓದುವ ಕೆಲಸ ಮಾಡುವವನಾಗಿ ನಾನೂ ಶುಲ್ಕ ಪಡೆಯುತ್ತೇನೆ, ರಸೀದಿಯನ್ನೂ ಕೊಡುತ್ತೇನೆ. ನನ್ನ ಆಕ್ಷೇಪ ಇರುವುದು ಆ 'ಎಂಒಡಿಟಿ ಮತ್ತು ಇತರೆ' ಎಂಬ ಸಾಲಿಗೆ. ಎಂಒಡಿಟಿ ಎಂದರೆ ಆಸ್ತಿಯ ಮೂಲ ಪತ್ರಗಳನ್ನು ಸಾಲಕ್ಕೆ ಭದ್ರತೆಯಾಗಿ ಇರಿಸಿದ್ದಕ್ಕೆ ಮಾಡುವ ಒಪ್ಪಂದ. ಅದರ ಮುದ್ರಾಂಕವೂ ನೋಂದಣಿ ಶುಲ್ಕವೂ ಸರ್ಕಾರಕ್ಕೆ ಸಂದಾಯವಾಗಿ ಚಲನ್ ಬರುತ್ತದೆ, ಅದರಲ್ಲಿ ಪೈಸೆ ಲೆಕ್ಕವೂ ಇರುತ್ತದೆ. 'ಇತರೆ' ಎಂದರೆ ಏನು, ಯಾರಿಗೆ, ಎಷ್ಟು ಎಂಬುದನ್ನು ಬಿಡಿಸಿ ಬರೆದುಕೊಡಿ ಎಂದು ಕೇಳಿ.

ಮತ್ತೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಕಂಪನಿಯ ಸಾಲ ತೀರಿದ ಮೇಲೆ ಅವರ ಹೆಸರಿನಲ್ಲಿದ್ದ ಎಂಒಡಿಟಿಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ರದ್ದುಪಡಿಸಬೇಕು, ಸೆರ್ಸಾಯ್‌ನಲ್ಲಿಯೂ ಅವರ ನಮೂದನ್ನು ತೆಗೆಸಬೇಕು. ಇಲ್ಲದಿದ್ದರೆ ಹಣವೆಲ್ಲ ತೀರಿದ್ದರೂ ಋಣಭಾರ ಪತ್ರದಲ್ಲಿ ಹಳೆಯ ಋಣ ಹಾಗೆಯೇ ಕಾಣುತ್ತಿರುತ್ತದೆ. ಎಲ್ಲ ಮುಗಿದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಒಂದು ಋಣಭಾರ ಪತ್ರ ತೆಗೆಸಿ ನೋಡಿಕೊಳ್ಳಿ.

ಗಂಗಾವತಿ ಅಕ್ಕಿ ವ್ಯಾಪಾರಿ

ವಕೀಲರ ಮಾತಿಗೆ ನನ್ನ ಪೂರ್ಣ ಸಮ್ಮತಿ. ನಮ್ಮ ಎಪಿಎಂಸಿಯಲ್ಲಿ ಭತ್ತ ಮಾರಿದ ರೈತನಿಗೆ ಕೊಡುವ ಲೆಕ್ಕಪಟ್ಟಿಯಲ್ಲಿ ಹಮಾಲಿ ಬೇರೆ, ತೂಕ ಬೇರೆ, ಒಂದೊಂದನ್ನೂ ಬಿಡಿಸಿ ಬರೆಯಬೇಕು. 'ಹಮಾಲಿ ಮತ್ತು ಇತರೆ' ಎಂದು ಬರೆದುಕೊಟ್ಟರೆ ಎರಡು ಎಕರೆಯ ರೈತನೂ ಪಟ್ಟಿಯನ್ನು ನಮ್ಮ ಮುಖಕ್ಕೆ ಹಿಡಿದು ಕೇಳುತ್ತಾನೆ, ಕೇಳಲೇಬೇಕು. 24 ಲಕ್ಷದ ಸಾಲಕ್ಕೆ ಅಷ್ಟೂ ವಿವರ ಬೇಡವೇ?

ನಿವೃತ್ತ ಮ್ಯಾನೇಜರ್, ಬಳ್ಳಾರಿ

ಏಜೆಂಟರೇ, ದುಡಿದವರಿಗೆ ಕೊಡಬೇಡಿ ಎಂದು ಇಲ್ಲಿ ಯಾರೂ ಹೇಳಿಲ್ಲ. ಅರ್ಜಿ ಒಪ್ಪಿಗೆಯಾಗದಿದ್ದರೆ ಶುಲ್ಕದಲ್ಲಿ ಎಷ್ಟು ಮರಳುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕೆಂಬುದು ಸಾಲದಾತರ ನ್ಯಾಯಯುತ ನಡವಳಿಕೆ ಸಂಹಿತೆಯಲ್ಲೇ ಇದೆ. ಅರ್ಜಿ ಹಾಕುವಾಗಲೇ ಲಾಗಿನ್ ಶುಲ್ಕವೆಂದು ಐದಾರು ಸಾವಿರ ಪಡೆದು, ಸಾಲ ಮಂಜೂರಾಗದಿದ್ದಾಗ ಕೈ ಆಡಿಸುವವರನ್ನು ನಾನೂ ಕಂಡಿದ್ದೇನೆ.

ಎಲ್ಲರಿಗೂ ಉಪಯೋಗವಾಗುವ ಮುಖ್ಯ ವಿಷಯವೊಂದಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಪ್ರತಿ ಹೊಸ ಚಿಲ್ಲರೆ ಸಾಲಕ್ಕೂ, ಅಂದರೆ ಗೃಹಸಾಲಕ್ಕೂ, ಕೆಎಫ್‌ಎಸ್ ಎಂಬ ಮುಖ್ಯಾಂಶಗಳ ಪತ್ರವನ್ನು ಒಪ್ಪಂದಕ್ಕೆ ಮೊದಲೇ ಕೊಡಬೇಕು. ಅದರಲ್ಲಿ ಬಡ್ಡಿ ಮಾತ್ರವಲ್ಲ, ವಿಮೆ, ಕಾನೂನು ಶುಲ್ಕ ಮೊದಲಾಗಿ ಸಾಲದಾತರ ಮೂಲಕ ಹೊರಗಿನವರಿಗೆ ಹೋಗುವ ಹಣವನ್ನೂ ಸೇರಿಸಿ ವಾರ್ಷಿಕ ಶೇಕಡಾ ದರ, ಅಂದರೆ ಎಪಿಆರ್, ತೋರಿಸಬೇಕು. ಆ ಪತ್ರದಲ್ಲಿ ಇಲ್ಲದ ಯಾವ ಶುಲ್ಕವನ್ನೂ ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಓದಿ ತೀರ್ಮಾನಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವೂ ಇರುತ್ತದೆ, ಆದ್ದರಿಂದ 'ಇವತ್ತೇ ಸಹಿ ಮಾಡದಿದ್ದರೆ ದರ ಹೋಗುತ್ತದೆ' ಎಂಬ ಮಾತಿಗೆ ಹೆದರಬೇಡಿ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದೂ ನಿಯಮ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಟವಲ್ಲ, ಹಕ್ಕು.

ಸಾಲದ ಏಜೆಂಟ್, ಬಳ್ಳಾರಿ

ಕನ್ನಡದಲ್ಲಿ ಕೇಳಿದರೆ ಎರಡು ಮೂರು ದಿನ ತಡವಾಗುತ್ತದೆ, ಅಷ್ಟು ತಾಳ್ಮೆ ಇರಲಿ.

ಲಿಂಗಸುಗೂರು ಅಕ್ಕ

ಎರಡು ಮೂರು ದಿನ ತಡವಾದರೆ ಆಗಲಿ ಅಣ್ಣಾ. ಕಂತು ಕಟ್ಟುವುದು ಹದಿನೈದು ವರ್ಷ.

ಶಕ್ತಿನಗರದ ನೌಕರ, ರಾಯಚೂರು

ಹಾಳೆಯಲ್ಲಿ ಎಲ್ಲಿಯೂ ಕಾಣದ ಖರ್ಚೊಂದನ್ನು ಹೇಳುತ್ತೇನೆ. ಕಳೆದ ವರ್ಷ ನಾನು 19 ಲಕ್ಷದ ಸಾಲವನ್ನು ಶೇ 8.40ಕ್ಕೆ ವರ್ಗಾಯಿಸಿದೆ. ಹೊಸ ಬ್ಯಾಂಕಿನವರು ಹಳೆಯ ಬ್ಯಾಂಕಿನ ಹೆಸರಿಗೆ ಚೆಕ್ ಬರೆದದ್ದು ತಿಂಗಳ 3ನೇ ತಾರೀಖು, ನನ್ನ ಕೈಗೆ ಕೊಟ್ಟದ್ದು 12ಕ್ಕೆ. ಆ ಒಂಬತ್ತು ದಿನ ಹಳೆಯ ಬ್ಯಾಂಕಿನಲ್ಲಿ ಬಡ್ಡಿ ಓಡುತ್ತಲೇ ಇತ್ತು; ಹೊಸ ಬ್ಯಾಂಕಿನವರೂ 3ನೇ ತಾರೀಖಿನಿಂದಲೇ ಬಡ್ಡಿ ಹಾಕಿದ್ದರು. ಹಣ ಕೈ ಸೇರುವ ಮೊದಲೇ ಅದಕ್ಕೆ 3,935 ರೂಪಾಯಿ ಬಡ್ಡಿ. ನಾನು ಪಾಸ್‌ಬುಕ್ ಮುಂದಿಟ್ಟು ಕೇಳಿದಾಗ ಮೊದಲು 'ಎಲ್ಲರಿಗೂ ಹೀಗೆಯೇ' ಎಂದರು.

ಈ ರೂಢಿ ಸರಿಯಲ್ಲವೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಬರೆದಿದೆ. ಚೆಕ್‌ನ ದಿನಾಂಕದಿಂದ ಬಡ್ಡಿ ಹಾಕಿ ಹಲವು ದಿನ ಬಿಟ್ಟು ಚೆಕ್ ಕೊಡುವ ಪ್ರಸಂಗವನ್ನೇ ಅದರಲ್ಲಿ ಹೆಸರಿಸಿದೆ. ಆ ಸುತ್ತೋಲೆಯ ದಿನಾಂಕವನ್ನು ಬರೆದು ಶಾಖೆಗೆ ಪತ್ರ ಕೊಟ್ಟೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮುಂದಿನ ತಿಂಗಳು ಹಣ ಖಾತೆಗೆ ಮರಳಿತು. ಚೆಕ್ ಬೇಡ, ನೇರವಾಗಿ ಆನ್‌ಲೈನ್‌ನಲ್ಲಿ ಹಳೆಯ ಸಾಲದ ಖಾತೆಗೆ ಕಳುಹಿಸಿ ಎಂದು ಮೊದಲೇ ಕೇಳಿಕೊಂಡಿದ್ದರೆ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಸಿಂಧನೂರು ಮೇಷ್ಟ್ರು

ದಂಡದ ವಿಷಯದಲ್ಲಿ ನಾನು ತಪ್ಪಾಗಿ ಬರೆದಿದ್ದೆ, ತಿದ್ದಿದವರಿಗೆ ಧನ್ಯವಾದಗಳು. ನನ್ನ ಸ್ವಂತ ಅನುಭವದ ಒಂದು ಮಾತು. ನನ್ನ ಸಾಲ ಪೂರ್ತಿ ತೀರಿದ ಮೇಲೆ ಮನೆಯ ಪತ್ರಗಳು ಕೈಗೆ ಬರಲು 36 ದಿನ ಹಿಡಿಯಿತು. ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ಸಾಲದಾತರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆರು ದಿನಕ್ಕೆ 30,000 ಕೊಡಿ ಎಂದು ಪತ್ರ ಬರೆದಾಗ ಮೊದಲು ಉತ್ತರವೇ ಬರಲಿಲ್ಲ. ಗ್ರಾಹಕರ ದೂರು ಕೇಳುವ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದು ಎರಡನೆಯ ಪತ್ರ ಬರೆದ ಮೇಲೆ ಹಣ ಬಂತು.

ಲಿಂಗಸುಗೂರು ಅಕ್ಕ

ಮೇಷ್ಟ್ರೇ, ಒಂಬುಡ್ಸ್‌ಮನ್‌ಗೆ ದೂರು ಕೊಡಲು ವಕೀಲರು ಬೇಕೇ? ಖರ್ಚು ಎಷ್ಟು?

ನಿವೃತ್ತ ಮ್ಯಾನೇಜರ್, ಬಳ್ಳಾರಿ

ಖರ್ಚಿಲ್ಲ ತಾಯೀ, ವಕೀಲರೂ ಬೇಡ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಜಾಲತಾಣದಲ್ಲಿ ದೂರು ದಾಖಲಿಸಬಹುದು; ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಗೃಹಸಾಲ ಕಂಪನಿಯ ಮೇಲಿನ ದೂರಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗಬೇಕು. ಎರಡಕ್ಕೂ ಮೊದಲ ಪತ್ರದ ಸ್ವೀಕೃತಿ ಬೇಕೇ ಬೇಕು, ಬಾಯಿಮಾತಿನ ದೂರು ದೂರಲ್ಲ.

ತೋರಣಗಲ್ಲು ಫಿಟ್ಟರ್

ಶಿಕ್ಷಕಿಯವರು ಇನ್ನೊಂದು ಬಾಗಿಲನ್ನು ತಟ್ಟಿಯೇ ಇಲ್ಲ ಎನಿಸುತ್ತದೆ. ಹಳೆಯ ಕಂಪನಿಯಲ್ಲೇ ದರ ಇಳಿಸಲು ಕೇಳಿದ್ದೀರಾ ಮೇಡಂ? ನಾನು ಹೊಸ ಬ್ಯಾಂಕಿನ ಮಂಜೂರಾತಿ ಪತ್ರವನ್ನು ತೆಗೆದುಕೊಂಡು ಹೋಗಿ ಹಳೆಯ ಕಡೆ ತೋರಿಸಿದೆ. ಅದೇ ವಾರ ಮುಕ್ಕಾಲು ಪರ್ಸೆಂಟ್ ಇಳಿಸಿದರು. ಬದಲಾವಣೆ ಶುಲ್ಕವೆಂದು ಸ್ವಲ್ಪ ಪಡೆದರು, ಆದರೆ ವಕೀಲರೂ ಇಲ್ಲ, ನೋಂದಣಿಯೂ ಇಲ್ಲ.

ಶಕ್ತಿನಗರದ ನೌಕರ, ರಾಯಚೂರು

ಅದು ಕಂಪನಿಯ ಸಾಲಕ್ಕೆ ಸರಿ. ನನ್ನದು ರೆಪೊಗೆ ಜೋಡಿಸಿದ ಬ್ಯಾಂಕಿನ ಸಾಲ. ರೆಪೊದ ಮೇಲೆ ಹಾಕಿರುವ ಅಂತರವನ್ನು ಮೂರು ವರ್ಷ ಮುಟ್ಟುವಂತಿಲ್ಲ ಎಂದು ಶಾಖೆಯವರು ಹೇಳುತ್ತಾರೆ, ಹೌದೇ?

ನಿವೃತ್ತ ಮ್ಯಾನೇಜರ್, ಬಳ್ಳಾರಿ

ಹಾಗೆಯೇ ಇತ್ತು, ಈಗ ಬದಲಾಗಿದೆ. ಗ್ರಾಹಕರಿಗೆ ಅನುಕೂಲವಾಗುವಂತೆ ಆ ಅಂತರದ ಕೆಲವು ಅಂಶಗಳನ್ನು ಮೂರು ವರ್ಷಕ್ಕೆ ಮೊದಲೂ ಇಳಿಸಬಹುದೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 1ರಿಂದ ಅವಕಾಶ ಕೊಟ್ಟಿದೆ. ಇಳಿಸಲೇಬೇಕೆಂದಿಲ್ಲ, ಇಳಿಸಬಹುದು ಎಂದಷ್ಟೇ ಇದೆ. ನಿಮ್ಮ ಕ್ರೆಡಿಟ್ ಅಂಕ ಸಾಲ ಪಡೆದಾಗ ಇದ್ದುದಕ್ಕಿಂತ ಚೆನ್ನಾಗಿದ್ದರೆ ಅದನ್ನು ಲಗತ್ತಿಸಿ ಪತ್ರ ಕೊಡಿ.

ಫಿಟ್ಟರ್ ಅವರ ಸಲಹೆಯನ್ನು ಶಿಕ್ಷಕಿಯವರು ಇಂದೇ ಪಾಲಿಸಲಿ. ಹೊಸ ಬ್ಯಾಂಕಿನ ದರವನ್ನು ಈಗಿನ ಶೇ 9.25ರ ಜೊತೆಗೆ ಹೋಲಿಸುವುದಲ್ಲ, ಹಳೆಯ ಕಂಪನಿ ಇಳಿಸಿಕೊಡಬಹುದಾದ ದರದ ಜೊತೆಗೆ ಹೋಲಿಸಬೇಕು. ಹಾಗೆ ನೋಡಿದಾಗ ಶುಲ್ಕದ ಭಾರ ಎಷ್ಟೆಂಬುದು ಸರಿಯಾಗಿ ಕಾಣುತ್ತದೆ. ಸಾಧ್ಯವಾದರೆ ಮೂರನೆಯ ಕಡೆಯೂ ವಿಚಾರಿಸಿ. ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಶಾಖೆ ನಿಮ್ಮ ಊರಿನಲ್ಲೂ ಇದೆ. ವಿಚಾರಿಸುವುದು ಬೇರೆ, ಅರ್ಜಿ ಹಾಕುವುದು ಬೇರೆ ಎಂಬುದು ನೆನಪಿರಲಿ. ಅರ್ಜಿ ಹಾಕಿದಾಗಲೆಲ್ಲ ಕ್ರೆಡಿಟ್ ವರದಿಯಲ್ಲಿ ವಿಚಾರಣೆ ದಾಖಲಾಗುತ್ತದೆ.

ಭಾಗ್ಯನಗರದ ಶಿಕ್ಷಕಿ, ಕೊಪ್ಪಳ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಎರಡೂ ಕಡೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದೆ.

ಹಳೆಯ ಕಂಪನಿಯವರು ಶೇ 8.50ಕ್ಕೆ ಇಳಿಸಲು ಒಪ್ಪಿದರು. ಬದಲಾವಣೆ ಶುಲ್ಕ ಜಿಎಸ್‌ಟಿ ಸೇರಿ 5,900, ಕಂತು 23,634. ಏಳು ವರ್ಷ ಕೇಳದೆ ಸುಮ್ಮನೆ ಕಟ್ಟಿಕೊಂಡು ಬಂದವರಿಗೆ ಒಂದು ಪುಟದ ಪತ್ರಕ್ಕೆ ಮುಕ್ಕಾಲು ಪರ್ಸೆಂಟ್ ಇಳಿಯಿತು ಎಂಬುದು ನನಗೆ ಇನ್ನೂ ಅರಗುತ್ತಿಲ್ಲ.

ಹೊಸ ಬ್ಯಾಂಕಿನಲ್ಲಿ ಮೊದಲು ಮಾತಾಡಿದವರನ್ನು ಬಿಟ್ಟು ಶಾಖೆಯ ಮುಖ್ಯಸ್ಥರನ್ನು ಕಂಡೆ. ಹಾಳೆಯಲ್ಲಿ ಪ್ರತಿ ಸಾಲಿನ ಎದುರಿಗೂ ಪೆನ್ಸಿಲಿನಲ್ಲಿ 'ಯಾರಿಗೆ?' ಎಂದು ಬರೆದುಕೊಂಡು ಹೋಗಿದ್ದೆ. ಸೆರ್ಸಾಯ್ ಸಾಲನ್ನು ತೋರಿಸಿದಾಗ ಅವರು ಗಣಕಯಂತ್ರದಲ್ಲಿ ನೋಡಿ, ಏನೂ ಹೇಳದೆ 1,180ರ ಮೇಲೆ ಗೆರೆ ಎಳೆದು 118 ಎಂದು ಬರೆದರು. ದಾಖಲೆ ನಿರ್ವಹಣೆಯ 5,900 ತೆಗೆದರು. ಸಂಬಳದ ಖಾತೆ ಇಲ್ಲೇ ಇದೆ ಎಂದು ನೆನಪಿಸಿದ್ದಕ್ಕೆ ಪ್ರಾದೇಶಿಕ ಕಚೇರಿಗೆ ಬರೆದು ಪ್ರೊಸೆಸಿಂಗ್ ಶುಲ್ಕವನ್ನು ಅರ್ಧಕ್ಕೆ ಇಳಿಸಿದರು; ಜಿಎಸ್‌ಟಿ ಸೇರಿ 7,080. 'ಎಂಒಡಿಟಿ ಮತ್ತು ಇತರೆ' ಎಂಬುದನ್ನು ಬಿಡಿಸಿದಾಗ ಸರ್ಕಾರಕ್ಕೆ ಹೋಗುವುದಕ್ಕಿಂತ 3,500 ಹೆಚ್ಚು ಇತ್ತು, ಅದನ್ನೂ ಕೈಬಿಟ್ಟರು. ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕ ಹಾಗೆಯೇ ಇದೆ. ಅವರ ದುಡಿಮೆಗೆ ಕೊಡಬೇಕಾದದ್ದೇ, ರಸೀದಿ ಕೊಡುತ್ತೇವೆ ಎಂದಿದ್ದಾರೆ. ವಿಮೆ ಬೇಡವೆಂದು ಬರೆದುಕೊಟ್ಟೆ. ಯಜಮಾನರ ಹೆಸರಿನಲ್ಲಿ ಹೊರಗೆ ಬೇರೆ ಅವಧಿ ವಿಮೆ ಈಗಾಗಲೇ ಇದೆ. 47,240 ಇದ್ದದ್ದು 29,698 ಆಯಿತು.

ಕೌಲ್‌ಬಜಾರ್ ಲೆಕ್ಕದಾಕೆ, ಬಳ್ಳಾರಿ

ಹಾಗಾದರೆ ಲೆಕ್ಕ ಹೀಗಿದೆ ಅಕ್ಕಾ. ಹಳೆಯ ಕಡೆ 23,634, ಹೊಸ ಕಡೆ 22,936. ತಿಂಗಳಿಗೆ ವ್ಯತ್ಯಾಸ 698. ಹೊಸ ಕಡೆಗೆ ಹೋಗಲು ಹೆಚ್ಚಿಗೆ ಕೊಡುವುದು 29,698ರಲ್ಲಿ 5,900 ಕಳೆದರೆ 23,798. ಅದು ಹುಟ್ಟಲು 34 ತಿಂಗಳು ಬೇಕು. ಮೊದಲಿನ 47,240 ಆಗಿದ್ದರೆ 59 ತಿಂಗಳು, ಹೆಚ್ಚುಕಡಿಮೆ ಐದು ವರ್ಷ. ಮೂರು ವರ್ಷದೊಳಗೆ ಮನೆ ಮಾರುವ ಅಥವಾ ಸಾಲ ತೀರಿಸುವ ವಿಚಾರವಿದ್ದರೆ ಹಳೆಯ ಕಡೆಯೇ ಇರಿ.

ಭಾಗ್ಯನಗರದ ಶಿಕ್ಷಕಿ, ಕೊಪ್ಪಳ

ಮನೆ ಮಾರುವ ಮಾತಿಲ್ಲ. ರೆಪೊ ಇಳಿದಾಗ ಪತ್ರ ಹಿಡಿದು ಹೋಗದೆಯೂ ದರ ಇಳಿಯಬೇಕು ಎಂಬ ಕಾರಣಕ್ಕೆ ನಾವು ಬ್ಯಾಂಕನ್ನೇ ಆರಿಸಿಕೊಂಡೆವು. ರೆಪೊ ಏರಿದರೆ ದರವೂ ಏರುತ್ತದೆ ಎಂಬುದು ಗೊತ್ತಿದೆ. ಕಂತನ್ನು 22,936ಕ್ಕೆ ಇಳಿಸಿಕೊಳ್ಳದೆ ಈಗಿನಂತೆಯೇ 24,701 ಕಟ್ಟುತ್ತ ಹೋಗುವುದೆಂದು ತೀರ್ಮಾನಿಸಿದ್ದೇವೆ. ಹಾಗೆ ಕಟ್ಟಿದರೆ ಸುಮಾರು 157 ತಿಂಗಳಿಗೆ ಸಾಲ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ, ಈ ಸಲ ಎರಡು ಬಾರಿ ಪರಿಶೀಲಿಸಿದೆ. ಸುಮಾರು 23 ತಿಂಗಳ ಕಂತು ಉಳಿಯುತ್ತದೆ.

ಕೆಎಫ್‌ಎಸ್ ಕನ್ನಡದಲ್ಲಿ ಬಂದಿದೆ, ಮೂರು ದಿನ ತಡವಾಯಿತು. ಸೋಮವಾರ ಉಪನೋಂದಣಾಧಿಕಾರಿ ಕಚೇರಿಗೆ ಹೋಗುತ್ತಿದ್ದೇವೆ. ಹಳೆಯ ಕಂಪನಿಗೆ ಹಣವನ್ನು ಚೆಕ್ ಬದಲು ನೇರವಾಗಿ ಕಳುಹಿಸುವಂತೆ ಅರ್ಜಿಯಲ್ಲೇ ಬರೆಸಿದ್ದೇನೆ.

ರಾಯಚೂರಿನ ವಕೀಲ

ಹಳೆಯ ಎಂಒಡಿಟಿ ರದ್ದತಿಗೆ ಕಂಪನಿಯವರು ಯಾವ ದಿನ ಬರುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಿ.

ಕೌಲ್‌ಬಜಾರ್ ಲೆಕ್ಕದಾಕೆ, ಬಳ್ಳಾರಿ

ಸಹಿ ಮಾಡುವ ಮೊದಲು ಅವಧಿಯ ಸಾಲನ್ನು ಇನ್ನೊಮ್ಮೆ ನೋಡಿ ಅಕ್ಕಾ.

ಭಾಗ್ಯನಗರದ ಶಿಕ್ಷಕಿ, ಕೊಪ್ಪಳ

ನೋಡಿದೆ ತಂಗೀ. 180 ತಿಂಗಳು ಎಂದೇ ಇದೆ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಟ್ಟಿದ್ದೇನೆ.